ಗದಗ ಸೀಮೆಯ ಕೌದಿ

ಹಳೆಯ ಹತ್ತಿ ಬಟ್ಟೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಹೊದಿಕೆಯೇ ಕೌದಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಮನೆಗಳಲ್ಲಿ ಅದು ಹಾಸಲಿಕ್ಕೂ ಬೇಕು, ಹೊದೆಯಲಿಕ್ಕೂ ಬೇಕು. ಎರೆಮಣ್ಣಿನ ಈ ಸೀಮೆ ಹತ್ತಿ ಬೆಳೆಯುವ ನೆಲ. ಬೆಟಗೇರಿಯಂತೂ ಕೈಮಗ್ಗದ ಊರು. ಆದರೂ ಕೌದಿಯೊಳಗೆ ಅರಳೆ ತುಂಬುವುದಿಲ್ಲ. ಅರಳೆ ಗಾದಿಗೆ, ದಿಂಬಿಗೆ. ಅದನ್ನು ಹಿಂಜಿ ತುಂಬುವುದು ಪಿಂಜಾರರ ಕಸುಬು. ಕೌದಿಗೆ ದಪ್ಪ ಬರುವುದು ಬಟ್ಟೆಯಿಂದಲೇ.

ಆ ಬಟ್ಟೆ ಉಟ್ಟು, ಒಗೆದು ಮೆತ್ತಗಾಗಿರಬೇಕು. ಹೊಸ ಬಟ್ಟೆಯ ನಾಲ್ಕೈದು ಪದರುಗಳಲ್ಲಿ ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಮೈಗೂ ಒರಟು. ಹೀಗಾಗಿ ತಳಕ್ಕೆ ಹಳೆಯ ಇಳಕಲ್ ಸೀರೆ, ನಡುವೆ ಧೋತರ, ಹರಿದ ಚಾದರ. ಮೇಲೆ ಖಣದ ಕುಬಸ, ಮಕ್ಕಳ ಅಂಗಿ, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರು. ನೆಲದ ಮೇಲೆ ಎಲ್ಲವನ್ನೂ ಸುಕ್ಕಿಲ್ಲದಂತೆ ಹಾಸಿ, ಪದರುಗಳು ಸರಿಯದಂತೆ ಮೊದಲು ದೊಡ್ಡ ದೊಡ್ಡ ಟಾಕು ಹಾಕುತ್ತಾರೆ. ಆಮೇಲೆ ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ. ಸಾಲುಗಳು ಹತ್ತಿರವಿದ್ದಷ್ಟೂ ಕೌದಿ ಗಟ್ಟಿ. ದೂರವಾದರೆ ಒಗೆದಾಗ ಒಳಪದರು ಮುದ್ದೆಯಾಗುತ್ತದೆ. ಕೌದಿಯ ಗುಣ ನೋಡಬೇಕಾದದ್ದು ಬಣ್ಣದಲ್ಲಲ್ಲ, ಈ ಸಾಲುಗಳಲ್ಲಿ.

ಮನೆಯ ಹಿರಿಯ ಹೆಣ್ಣುಮಕ್ಕಳು ಬಿಡುವಿನಲ್ಲಿ ಹೊಲಿಯುವುದುಂಟು. ಗೊಂದಲಿಗರಂಥ ಅಲೆಮಾರಿ ಸಮುದಾಯಗಳ ಮಹಿಳೆಯರಿಗೆ ಇದೇ ಜೀವನೋಪಾಯ. ಓಣಿಗೆ ಬಂದು, ಮನೆಯವರು ಕೊಟ್ಟ ಬಟ್ಟೆಯಲ್ಲೇ ಕಟ್ಟೆಯ ಮೇಲೆ ಕುಳಿತು ಹೊಲಿದುಕೊಡುತ್ತಾರೆ. ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡುವ ರೂಢಿ ಕೆಲವೆಡೆ ಇದೆ: ಕೌದಿ ಹಸಿದಿರಬಾರದು ಎಂಬ ನಂಬಿಕೆ. ಹೊದ್ದವರಿಗೂ ಅನ್ನದ ಕೊರತೆಯಾಗದಿರಲಿ ಎಂಬ ಹಾರೈಕೆ ಅದರಲ್ಲಿದೆ. ಮಾನೌಮಿಗೆ ಮುಂಚೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೋ ಕೆರೆಗೋ, ಮುಂಡರಗಿ ಕಡೆಯಾದರೆ ತುಂಗಭದ್ರೆಗೋ ಹೋಗುತ್ತವೆ. ನೆನೆದ ಕೌದಿಯನ್ನು ಹಿಂಡಲು ಇಬ್ಬರಾದರೂ ಬೇಕು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರ ಕವಂದಿ ಇದರ ಹತ್ತಿರದ ನೆಂಟ. ಅಲ್ಲಿಯೂ ಹೊಲಿಗೆ ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’ ಇಟ್ಟ ಮೇಲೆಯೇ ಕವಂದಿ ಪೂರ್ಣ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಅಧ್ಯಯನದಿಂದ ಕವಂದಿ ಹೊರದೇಶಗಳ ಪ್ರದರ್ಶನಗಳಿಗೂ ಹೋಯಿತು. ಗದಗ ಸೀಮೆಯ ಕೌದಿಗೆ ಅಂಥ ಹೆಸರು ಸಿಗಲಿಲ್ಲ.

ಪದರಿನ ಈ ಕೌದಿಗಿಂತ, ಚೌಕಗಳಿಗೆ ಅರಳೆ ತುಂಬಿದ ಉಬ್ಬು ಕೌದಿಯ ಹೊಲಿಗೆ ಬೇರೆ. ಪಶ್ಚಿಮದ ದೇಶಗಳಲ್ಲಿ ಅದು ಹೆಚ್ಚು ರೂಢಿ. ಮೇಲಿನ ಚೌಕ 6 ಅಂಗುಲ, ಕೆಳಗಿನದು 5 ಅಂಗುಲ. ದೊಡ್ಡದರ ಹೆಚ್ಚುವರಿ ಬಟ್ಟೆಯನ್ನು ನಿರಿಗೆ ಹಿಡಿದು ಮೂರು ಬದಿ ಹೊಲಿದು, ಅರಳೆ ತುಂಬಿ, ನಾಲ್ಕನೆಯ ಬದಿ ಮುಚ್ಚಬೇಕು. ಪ್ರತಿ ಬದಿಯಲ್ಲೂ ಅರ್ಧ ಅಂಗುಲ ಹೊಲಿಗೆಗೆ ಹೋದರೆ ಪ್ರತಿ ಚೌಕ 4 ಅಂಗುಲ ಉಳಿಯುತ್ತದೆ. 4 ಅಡಿ ಅಗಲ, 6 ಅಡಿ ಉದ್ದದ ಹೊದಿಕೆಗೆ 216 ಚೌಕ. ಸಾಲುಗಳನ್ನು ಜೋಡಿಸಿ, ಹಿಂದೆ ಅಸ್ತರು ಕೊಟ್ಟು, ಚೌಕಗಳು ಕೂಡುವಲ್ಲಿ ಅಲ್ಲಲ್ಲಿ ದಾರದ ಗಂಟು ಹಾಕಿದರೆ ಮುಗಿಯಿತು. ಕೂಸಿಗೆ ಇದು ಚೆಂದ. ಆದರೆ ಹಳ್ಳದ ಬಂಡೆಯ ಮೇಲಿನ ಒಗೆತ ತಾಳುವುದು ಪದರಿನ ಕೌದಿಯೇ.

ಇಂದು ಕೌದಿಗೆ ಬಂದಿರುವ ಕುತ್ತು ಬಟ್ಟೆಯದು. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಉಳಿದ ಹತ್ತಿ ಸೀರೆಗಳು ಸ್ಟೀಲ್ ಪಾತ್ರೆಗೆ ಬದಲಾಗಿ ಮನೆಯಿಂದ ಹೋಗುತ್ತಿವೆ. ಒಂದು ಕೌದಿಗೆ ಎಷ್ಟೋ ದಿನಗಳ ಕೈಕೆಲಸ ಹಿಡಿಯುತ್ತದೆ. ಕೂಲಿ ಮಾತ್ರ ಅದಕ್ಕೆ ತಕ್ಕಂತಿಲ್ಲ. ಅಜ್ಜಿಯ ಸೀರೆ ಇನ್ನೂ ಪೆಟ್ಟಿಗೆಯಲ್ಲಿದ್ದರೆ ಪಾತ್ರೆಯವನಿಗೆ ಕೊಡಬೇಡಿ. ಓಣಿಗೆ ಬರುವ ಕೌದಿಯವ್ವನನ್ನು ಕರೆದು ಹೊಲಿಸಿ, ಕೂಲಿಯಲ್ಲಿ ಚೌಕಾಸಿ ಮಾಡದೆ ಕೊಡಿ.