ಒಪ್ಪಿಸಿಕೊಂಡ ಕೂಸು

ಕಂಪ್ಲಿಯ ಹೆಸರೆತ್ತಿದೊಡನೆ ಇತಿಹಾಸಪ್ರಿಯರಿಗೆ, ದೆಹಲಿಯ ಸುಲ್ತಾನನ ಕೋಪಕ್ಕೆ ಗುರಿಯಾಗಿ ಓಡಿಬಂದ ಬಹಾವುದ್ದೀನನಿಗೆ ಆಶ್ರಯವಿತ್ತು 1327ರ ಸುಮಾರಿನಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಕಂಪಿಲರಾಯನ ವೃತ್ತಾಂತವು ನೆನಪಾಗುತ್ತದೆ. ಆಶ್ರಯ ಕೊಡುವ ಆ ಗುಣ ಈ ಸೀಮೆಯ ಗೃಹಸ್ಥರಲ್ಲಿ ಇಂದಿಗೂ ಇಲ್ಲದಿಲ್ಲ. ತೀರಿಕೊಂಡ ಅಕ್ಕನ ಮಕ್ಕಳನ್ನೋ, ಶಾಲೆಗೆಂದು ಹಳ್ಳಿಯಿಂದ ಬಂದ ತಮ್ಮನ ಮಗನನ್ನೋ ಸಾಕಿ ದೊಡ್ಡವರನ್ನಾಗಿ ಮಾಡಿದ ಮನೆಗಳು ಓಣಿಗೊಂದಾದರೂ ಸಿಕ್ಕಾವು. ಆದರೆ ಯಾವ ನಂಟೂ ಇಲ್ಲದ ಮಗುವೊಂದನ್ನು, ಅದು ಮುಂದೊಂದು ದಿನ ಹೆತ್ತವರ ಬಳಿಗೆ ಮರಳಬಹುದೆಂದು ತಿಳಿದೂ ತಿಳಿದೂ ಒಳಕ್ಕೆ ಕರೆದುಕೊಳ್ಳುವುದು ಬೇರೆಯೇ ಬಗೆಯ ಧೈರ್ಯ.

ಪೋಷಕತ್ವವೆಂದು ಕರೆಯಲ್ಪಡುವ ಈ ವ್ಯವಸ್ಥೆಯು ದತ್ತಕವಲ್ಲ. ದತ್ತು ಹೋದ ಮಗು ಕಾನೂನಿನ ದೃಷ್ಟಿಯಲ್ಲಿ ಸಂಪೂರ್ಣವಾಗಿ ಹೊಸ ಮನೆಯದು. ಇಲ್ಲಿಯಾದರೋ, 2015ರ ಬಾಲನ್ಯಾಯ ಕಾಯಿದೆಯ 44ನೆಯ ಕಲಮಿನ ಪ್ರಕಾರ, ಮಗುವಿನ ಹಿತಕ್ಕೆ ಬಾಧಕವಿಲ್ಲದಿದ್ದರೆ ಹೆತ್ತವರು ಬಂದು ನೋಡಿಹೋಗಬಹುದು, ಅವರು ಸಮರ್ಥರಾದರೆಂದು ಮಕ್ಕಳ ಕಲ್ಯಾಣ ಸಮಿತಿಗೆ ಮನವರಿಕೆಯಾದಾಗ ಮಗು ಅವರೊಡನೆ ಹಿಂದಿರುಗಲೂಬಹುದು. ಸಮಿತಿಯು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮವನ್ನು ಪರಿಶೀಲಿಸಬೇಕು; ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಅಗಲಿಸಕೂಡದು. 2024ರ ಮಾರ್ಗಸೂಚಿಯು ದಂಪತಿಗಳಲ್ಲದೆ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಬಾಗಿಲು ತೆರೆದಿದೆ. ಒಂಟಿ ಪುರುಷನಿಗೆ ಮಾತ್ರ ಹೆಣ್ಣುಮಗುವನ್ನು ಒಪ್ಪಿಸುವಂತಿಲ್ಲ. ಮಗುವು ದತ್ತಕಕ್ಕೆ ಅರ್ಹವಾದಲ್ಲಿ, ಹಿಂದೆ 5 ವರ್ಷ ಸಾಕಿದ ಮೇಲೆ ಸಿಗುತ್ತಿದ್ದ ದತ್ತಕದ ಅವಕಾಶವು ಈಗ 2 ವರ್ಷಕ್ಕೇ ಉಂಟು. ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವೂ ಗೊತ್ತಾಗಿದೆ. ಆ ಹಣವನ್ನೇ ನೆಚ್ಚಿ ಬರುವವರು ಬಾರದಿರುವುದು ಲೇಸು. ಅದನ್ನು ಮುಟ್ಟುವುದೇ ಅಪಮಾನವೆಂದು ಬಗೆಯುವವರೂ ಅದು ತಮ್ಮದಲ್ಲ, ಮಗುವಿನದೆಂಬುದನ್ನು ಮರೆಯುತ್ತಾರೆ.

ಕಾಗದಪತ್ರಗಳ ಮಾತು ಇಷ್ಟೇ, ಕಷ್ಟವಿರುವುದು ಅಡುಗೆಮನೆಯಲ್ಲಿ. ಬಾಲಮಂದಿರದ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದ ಹತ್ತು ವರ್ಷದ ಹುಡುಗನು, ಕೊಡದ ನೀರನ್ನು ಬಗ್ಗಿಸಿಕೊಳ್ಳಲೂ ಅಪ್ಪಣೆ ಕೇಳಿಯಾನು. ಮುಂಜಾನೆಯ ಒಗ್ಗರಣೆ ಮಂಡಕ್ಕಿಯ ಜೊತೆಗೆ ಕೊಟ್ಟ ಎರಡು ಮಿರ್ಚಿಯಲ್ಲಿ ಒಂದನ್ನು ಯಾರಿಗೂ ಕಾಣದಂತೆ ಜೇಬಿಗಿಳಿಸಿಯಾನು. ಅದನ್ನು ಕಳವೆಂದು ಕರೆದ ಮನೆಯಲ್ಲಿ ಅವನು ನಿಲ್ಲಲಾರ. ಇತ್ತ ಮನೆಯ ಸ್ವಂತ ಮಗಳು, ಅದುವರೆಗೆ ತನ್ನೊಬ್ಬಳದೇ ಆಗಿದ್ದ ಅಪ್ಪನ ಬೈಕಿನ ಹಿಂಬದಿಯ ಸ್ಥಾನವನ್ನು ಹಂಚಿಕೊಳ್ಳಬೇಕಾಗಿ ಬಂದಾಗ ಸಿಡುಕಿದರೆ, ಅದಕ್ಕೆ ಮತ್ಸರವೆಂದು ಹೆಸರಿಟ್ಟು ಗದರುವುದೂ ಅನ್ಯಾಯವೇ. ಇನ್ನು ಅಜ್ಜಿಯಂದಿರು. “ಯಾರ ಪೈಕಿ ಹುಡುಗನೋ?” ಎಂದು ಕಟ್ಟೆಯ ಮೇಲೆ ಕುಳಿತವರು ಕೇಳಿಯೇ ಕೇಳುತ್ತಾರೆ, “ನಮ್ಮ ಮನಿ ಹುಡುಗ” ಎಂದು ಮನೆಯ ಅಜ್ಜಿ ಅಂದುಬಿಟ್ಟರೆ ಅರ್ಧ ತೊಡಕು ಅಲ್ಲಿಗೇ ತೀರಿತು. ಆದರೆ ಆ ಅಭಿಮಾನವು ಹುಡುಗನ ಎದುರಿಗೆ ಹೆತ್ತ ತಾಯಿಯನ್ನು ಹಳಿಯುವ ಮಟ್ಟಕ್ಕೆ ಹೋಗಬಾರದು. ಅವಳು ಎಷ್ಟೇ ಕೈಲಾಗದವಳಾಗಿರಲಿ, ಅವನಿಗೆ ಅವ್ವ ಅವಳೇ.

ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹೊಸಪೇಟೆ, ಹಂಪಿಯವರಿಗೆ ಹೊಸಪೇಟೆಯೇ ಜಿಲ್ಲಾಕೇಂದ್ರವಾದರೂ, ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದ ಕಂಪ್ಲಿ, ಸಂಡೂರಿನವರು ಬಳ್ಳಾರಿಗೇ ಹೋಗಬೇಕು. ಬಳಿಕ ಸಮಾಜ ಕಾರ್ಯಕರ್ತರು ಮನೆಗೆ ಬಂದು, ಮಗು ಮಲಗುವ ಜಾಗವನ್ನು ನೋಡಿ, ಮನೆಮಂದಿಯನ್ನು ಮಾತನಾಡಿಸುತ್ತಾರೆ. ಅವರು ಕೇಳುವುದಕ್ಕೆ ಮೊದಲೇ ಅತ್ತೆಮಾವಂದಿರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕೇಳಿ. ಒಬ್ಬರು ತಲೆ ಕೆಳಗೆ ಹಾಕಿ ಸುಮ್ಮನಾದರೂ ಆ ವರ್ಷಕ್ಕೆ ಅರ್ಜಿಯನ್ನು ತಡೆಹಿಡಿಯಿರಿ.