ಸೆಲ್ಫ್ ಹೊಡೆಯುವ ಮುನ್ನ

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಕಾರಿನ ಹೊದಿಕೆ ಸರಿಸಿದ ಕೂಡಲೇ ಬಹುಪಾಲು ಮಂದಿ ಮಾಡುವುದು ಒಂದೇ ಕೆಲಸ: ಕೀ ತಿರುಗಿಸಿ ಸೆಲ್ಫ್ ಹೊಡೆಯುವುದು. ಆಗಲಿಲ್ಲವೆಂದರೆ ಇನ್ನೊಮ್ಮೆ, ಮತ್ತೊಮ್ಮೆ. ಕೆಡುಕು ಶುರುವಾಗುವುದೇ ಇಲ್ಲಿ. ತಿಂಗಳುಗಟ್ಟಲೆ ನಿಂತ ಗಾಡಿ ಯಾಕೆ ಸ್ಟಾರ್ಟ್ ಆಗುವುದಿಲ್ಲ ಎಂಬುದರ ಸುಳಿವುಗಳು ಅದರೊಳಗೆ ಕದಡದೆ ಉಳಿದಿರುತ್ತವೆ. ಸೆಲ್ಫ್ ಹೊಡೆದಾಗ ಟ್ಯಾಂಕಿನ ತಳದ ಕೊಳೆ ಪೈಪಿಗೆ ಏರುತ್ತದೆ, ಬ್ಯಾಟರಿ ಇಳಿಯುತ್ತದೆ, ಎಣ್ಣೆಯ ಪಸೆ ಆರಿದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗುಗಳು ಒಣಗಿದಂತೆಯೇ ಉಜ್ಜುತ್ತವೆ. ಒಂದು ದೋಷ ಇದ್ದಲ್ಲಿ ಮೂರಾಗುತ್ತವೆ. ಆದ್ದರಿಂದ ಕೀ ಮುಟ್ಟುವ ಮೊದಲು ಪರೀಕ್ಷೆ ಮುಗಿಯಬೇಕು ಎಂಬುದೇ ಇಲ್ಲಿನ ವಾದ.

ಪ್ರೀಮಿಯರ್ ಪದ್ಮಿನಿಯನ್ನೇ ನೋಡೋಣ. 1964ರಲ್ಲಿ ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ ಫಿಯೆಟ್ 1100 ಡಿಲೈಟ್ ಆಗಿ ಹೊರಬಂದ ಈ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಜನರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ಫಿಯೆಟ್ಟೇ. 1089 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಕಾರ್ಬುರೇಟರ್, ಪಾಯಿಂಟ್ ಸೆಟ್ ಇರುವ ಡಿಸ್ಟ್ರಿಬ್ಯೂಟರ್. ಇದರಲ್ಲಿ ಕಂಪ್ಯೂಟರ್ ಇಲ್ಲ, ಆದ್ದರಿಂದ ಸ್ಕ್ಯಾನರ್ ಹಚ್ಚಿ ದೋಷದ ಸಂಖ್ಯೆ ಓದುವಂತಿಲ್ಲ. ಕಣ್ಣು, ಮೂಗು, ಕಿವಿಗಳೇ ಇಲ್ಲಿ ಸ್ಕ್ಯಾನರ್. ಅದು ಕೊರತೆಯಲ್ಲ, ಪ್ರತಿಯೊಂದು ಭಾಗವನ್ನೂ ಬಿಚ್ಚಿ, ನೋಡಿ, ತಿಳಿಯಬಹುದಾದ ಯಂತ್ರ ಇದು. ಪ್ಲಗ್ಗುಗಳನ್ನು ಕಳಚಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕೈಯಿಂದ ಎಂಜಿನ್ ತಿರುಗಿಸಿ ನೋಡಿದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಲೀಸಾಗಿ ತಿರುಗಿದರೆ ಎಂಜಿನ್ ಹಿಡಿದುಕೊಂಡಿಲ್ಲ. ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿದೆಯೇ, ವೈರು ಕಡಿದಿದೆಯೇ ಎಂದು ನೋಡುವುದಕ್ಕೂ ಇದೇ ಹೊತ್ತು.

ಇನ್ನು ಪೆಟ್ರೋಲ್. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಲ್ಲ ಎಂಬ ಸಮಾಧಾನ ಬಹಳ ಸಲ ದಾರಿ ತಪ್ಪಿಸುತ್ತದೆ. ತಣ್ಣಗಿನ ಎಂಜಿನ್ ಹೊತ್ತಿಕೊಳ್ಳುವುದು ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಿಂದ. ನಿಂತ ಗಾಡಿಯಲ್ಲಿ ಮೊದಲು ಹಾರಿಹೋಗುವುದೂ ಅವೇ. ಉಳಿದದ್ದು ಬಣ್ಣ ಗಾಢವಾಗಿ, ವಾರ್ನಿಷ್ ನಾತ ಹೊಡೆಯುತ್ತದೆ. ಕಾರ್ಬುರೇಟರಿನ ಪುಟ್ಟ ಬಟ್ಟಲಿನಲ್ಲಂತೂ ಪೆಟ್ರೋಲ್ ಪೂರ್ತಿ ಆರಿ, ಅಂಟು ಪದರವಾಗಿ ಜೆಟ್ಟಿನ ಕಿರುತೂತನ್ನು ಮುಚ್ಚುತ್ತದೆ, ಒಳಬಾಗಿಲಿನಂತಿರುವ ಸೂಜಿ ವಾಲ್ವನ್ನು ಹಿಡಿದು ನಿಲ್ಲಿಸುತ್ತದೆ. ಇದರ ಮೇಲೆ ಎಥೆನಾಲಿನ ಮಾತು. ದೇಶದಲ್ಲಿ 2022ರ ಜೂನ್ ಹೊತ್ತಿಗೆ ಶೇ 10ರಷ್ಟು ಮಿಶ್ರಣದ ಗುರಿ ಮುಟ್ಟಿತು. ಶೇ 20ರ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಇರುವುದೂ ತಳದ ಹತ್ತಿರವೇ. ಕರಾವಳಿ, ಮಲೆನಾಡಿನ ತೇವದಲ್ಲಿ ಈ ಭಯ ಹೆಚ್ಚು. ಈ ಮಿಶ್ರಣವನ್ನು ಲೆಕ್ಕಕ್ಕಿಟ್ಟುಕೊಳ್ಳದೆ ತಯಾರಾದ ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮುಗಳು ಉಬ್ಬಿಯೋ ಬಿರಿದೋ ಕೆಡುತ್ತವೆ.

ಹಾಗೆಂದು ಎಲ್ಲ ತಪ್ಪನ್ನೂ ಎಥೆನಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಥೆನಾಲ್ ಬೆರೆಸದ ಪೆಟ್ರೋಲೂ ನಿಂತಲ್ಲಿ ಹಳಸುತ್ತಿತ್ತು, ಜೆಟ್ ಕಟ್ಟುತ್ತಿತ್ತು. ಅದಲ್ಲದೆ ಪೆಟ್ರೋಲಿಗೆ ಸಂಬಂಧವೇ ಇಲ್ಲದ ಒಂದು ದೋಷ ನಿಂತ ಗಾಡಿಗಳಲ್ಲಿ ತೀರಾ ಸಾಮಾನ್ಯ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಕೆಳಗಿನ ಪಾಯಿಂಟುಗಳ ಮೇಲೆ ತೇವಕ್ಕೆ ಬೂದು ಬಣ್ಣದ ತೆಳು ಪದರ ಕಟ್ಟುತ್ತದೆ. 12 ವೋಲ್ಟಿನ ಕರೆಂಟಿಗೆ ಅಷ್ಟು ಪದರವೇ ಗೋಡೆ. ಪ್ಲಗ್ಗಿಗೆ ಕಿಡಿ ಬರುವುದಿಲ್ಲ, ಕಾಯಿಲ್ ಹೋಯಿತೆಂದು ಹೊಸದನ್ನು ತರುತ್ತಾರೆ, ಗಾಡಿ ಆಗಲೂ ಕದಲುವುದಿಲ್ಲ. ಸಣ್ಣ ಅರದಿಂದ ಹಗುರವಾಗಿ ಉಜ್ಜಿ, ನಡುವೆ ಒಂದು ಬಿಳಿ ಕಾಗದ ಎಳೆದು ಒರೆಸಿದರೆ ಮುಗಿಯಬಹುದಾದ ಕೆಲಸ ಅದು. ಬ್ಯಾಟರಿಯನ್ನೂ ಅಳೆದೇ ನಂಬಬೇಕು: ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು ಸೋತಿದ್ದರೆ ಇರುವ ಕರೆಂಟನ್ನೆಲ್ಲ ಸೆಲ್ಫ್ ಮೋಟಾರೇ ನುಂಗಿ, ಕಾಯಿಲಿಗೆ ಸಿಗುವ ವೋಲ್ಟೇಜ್ ಕುಸಿಯುತ್ತದೆ. ಎಂಜಿನ್ ತಿರುಗುತ್ತಿದೆಯಲ್ಲ, ಬ್ಯಾಟರಿ ಸರಿಯಿದೆ ಎಂಬ ತೀರ್ಮಾನ ಮುರಿದುಬೀಳುವುದು ಇಲ್ಲಿಯೇ.

ಇಷ್ಟೆಲ್ಲ ಯಾಕೆ, ನಾಲ್ಕು ಜನ ಸೇರಿ ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂಬ ಆಕ್ಷೇಪವಿದೆ. ಎರಡು ವಾರ ನಿಂತು ಬ್ಯಾಟರಿ ಮಾತ್ರ ಇಳಿದ ಗಾಡಿಗೆ ಆ ಮಾತು ಸರಿಯೇ. ತಿಂಗಳುಗಟ್ಟಲೆ ನಿಂತದ್ದಕ್ಕೆ ಅಲ್ಲ. ತಳ್ಳುವುದರಿಂದ ಮುಚ್ಚಿದ ಜೆಟ್ ತೆರೆಯುವುದಿಲ್ಲ, ಕಿಟ್ಟ ಹಿಡಿದ ಪಾಯಿಂಟು ಕಿಡಿ ಕೊಡುವುದಿಲ್ಲ. ಪಾಯಿಂಟ್ ತೆಗೆದೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಎನ್ನುವವರಿಗೂ ಕಾರಣಗಳಿವೆ, ದಿನವೂ ಓಡಿಸುವ ಗಾಡಿಗೆ ಅದು ಒಪ್ಪುವ ಬದಲಾವಣೆಯೇ. ಆದರೆ ದೋಷ ಹುಡುಕುತ್ತಿರುವಾಗಲೇ ಹೊಸ ಭಾಗ ಹಾಕಿದರೆ, ಹಳೆಯದು ಕೆಟ್ಟಿತ್ತೋ ಹೊಸದು ತಪ್ಪಾಗಿ ಕೂತಿದೆಯೋ ತಿಳಿಯದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲ ನೋಡಿ ಮುಂದಿನದು. ನಿಧಾನವೆಂಬ ದೂರು ನಿಜ. ಒಂದು ಮಧ್ಯಾಹ್ನ ಹಿಡಿಯುತ್ತದೆ. ಗೊತ್ತುಗುರಿಯಿಲ್ಲದೆ ಬಿಡಿಭಾಗ ಬದಲಿಸುತ್ತ ಹೋದರೆ ವಾರಗಳೇ ಹಿಡಿಯುತ್ತವೆ, ಅದೂ ಫಿಯೆಟ್ಟಿನ ಭಾಗಗಳನ್ನು ಹುಡುಕಿ ತರಬೇಕಾದ ಈ ಕಾಲದಲ್ಲಿ.

ಕೊನೆಯ ಪರೀಕ್ಷೆಗೂ ಟ್ಯಾಂಕಿನ ಹಳೆಯ ಪೆಟ್ರೋಲ್ ಬೇಡ. ಅದನ್ನು ಇಳಿಸಿ, ಬಟ್ಟಲು ತೊಳೆದು, ಪಂಪಿನ ಪೈಪನ್ನು ಹೊಸ ಪೆಟ್ರೋಲಿನ ಸಣ್ಣ ಡಬ್ಬಿಗೆ ಜೋಡಿಸಿ, ಎಂಜಿನ್ನಿನಿಂದ ದೂರವಿಟ್ಟು, ಆಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆಯಬೇಕು. ಎಂಜಿನ್ ಹೊತ್ತಿಕೊಂಡ ಮೇಲೂ ಗಾಡಿಯನ್ನು ಶೆಡ್ಡಿನಿಂದ ಹೊರತರುವ ಮುಂಚೆ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ತುಳಿದು, ಚಕ್ರಗಳ ಒಳಮೈಯಲ್ಲಿ ಬ್ರೇಕ್ ಆಯಿಲ್ ಒಸರಿದೆಯೇ ಎಂದು ಬಗ್ಗಿ ನೋಡಬೇಕು. ಆ ಆಯಿಲ್ ಸಹ ನಿಂತಷ್ಟು ದಿನವೂ ತೇವ ಹೀರಿ ಚಕ್ರದ ಸಿಲಿಂಡರುಗಳಿಗೆ ತುಕ್ಕು ಹಿಡಿಸಿರುತ್ತದೆ.