ಆಲ್ಪ್ಸ್ ಒಳಕಣಿವೆಗಳ ಶುಷ್ಕ ಹುಲ್ಲುಗಾವಲು: ವರ್ಗೀಕರಣದ ಒಂದು ಸಮಸ್ಯೆ

ಆಲ್ಪ್ಸ್ ಪರ್ವತಗಳು ಹಿಮಕ್ಕೂ ಮಳೆಗೂ ಹೆಸರಾಗಿದ್ದರೂ ಅವುಗಳ ಒಳಕಣಿವೆಗಳು ಅಚ್ಚರಿ ಹುಟ್ಟಿಸುವಷ್ಟು ಶುಷ್ಕವಾಗಿವೆ. ಸ್ವಿಟ್ಜರ್ಲೆಂಡಿನ ವಲೇ, ಇಟಲಿಯ ಆವೊಸ್ತಾ ಮತ್ತು ವೆನೋಸ್ತಾ ಕಣಿವೆಗಳು ಇದಕ್ಕೆ ನಿದರ್ಶನ. ಎರಡೂ ಬದಿಯ ಎತ್ತರದ ಸಾಲುಗಳು ಮೋಡಗಳನ್ನು ತಡೆಯುವುದರಿಂದ ವಲೇಯ ಸಿಯೋನ್ ಪಟ್ಟಣದಲ್ಲಿ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಬಿಸಿಲಿಗೆ ಮುಖಮಾಡಿದ, ತೆಳುಮಣ್ಣಿನ ದಕ್ಷಿಣದ ಇಳಿಜಾರುಗಳಲ್ಲಿ ಪೂರ್ವ ಯೂರೋಪಿನ ಸ್ಟೆಪ್ಪಿಯನ್ನು ನೆನಪಿಸುವ ಸಸ್ಯಗಳು ಕಾಣುತ್ತವೆ: ಸ್ಟೈಪಾ ಕ್ಯಾಪಿಲೇಟಾ, ಕಣಿವೆಯ ಹೆಸರನ್ನೇ ಹೊತ್ತ ಫೆಸ್ಟುಕಾ ವಲೇಸಿಯಾಕಾ, ಹಳದಿ ಹೂವಿನ ಅಡೋನಿಸ್ ವರ್ನಾಲಿಸ್. ಇವುಗಳ ನಡುವೆಯೇ ವಲೇ ಮತ್ತು ಆವೊಸ್ತಾಗಳಿಗೆ ಸೀಮಿತವಾದ ಸೆಂಟೌರಿಯಾ ವಲೇಸಿಯಾಕಾದಂಥ ಸ್ಥಳೀಯ ಪ್ರಭೇದಗಳೂ ಇವೆ. ವರ್ಗೀಕರಣದ ತೊಡಕು ಆರಂಭವಾಗುವುದು ಇಲ್ಲಿಂದಲೇ.

ಈ ಸಮುದಾಯಗಳನ್ನು ಕ್ರಮವಾಗಿ ವಿವರಿಸಿದವನು ಸ್ವಿಸ್ ಸಸ್ಯವಿಜ್ಞಾನಿ ಜೋಸಿಯಾಸ್ ಬ್ರೌನ್-ಬ್ಲಾಂಕೆ (1884–1980). ನಿರ್ದಿಷ್ಟ ತುಂಡುನೆಲವೊಂದರಲ್ಲಿರುವ ಎಲ್ಲ ಪ್ರಭೇದಗಳನ್ನೂ ಅವು ಆವರಿಸಿದ ಪ್ರಮಾಣವನ್ನೂ ದಾಖಲಿಸಿ, ಅಂಥ ಪಟ್ಟಿಗಳನ್ನು ಹೋಲಿಸಿ ಸಹವಾಸ, ಮೈತ್ರಿ, ಗಣ, ವರ್ಗ ಎಂದು ಮೇಲೇರುವುದು ಆತನ ಕ್ರಮ. 1961ರ ತನ್ನ ಗ್ರಂಥದಲ್ಲಿ ಒಳಕಣಿವೆಗಳ ಶುಷ್ಕ ಸಸ್ಯವರ್ಗವನ್ನು ಆತ ಸಮಗ್ರವಾಗಿ ನಿರೂಪಿಸಿದ. ಸ್ಟೈಪೊ-ಪೋಯಿಯೋನ್ ಎಂಬ ಪ್ರತ್ಯೇಕ ಮೈತ್ರಿಗೆ ಆಧಾರವಾದದ್ದು ಸ್ಥಳೀಯ ಸೂಚಕ ಪ್ರಭೇದಗಳು. ಪಟ್ಟಿಯ ಎಲ್ಲ ಪ್ರಭೇದಗಳಿಗೂ ಸಮಾನ ಬೆಲೆ ಕೊಟ್ಟರೆ ಇದೇ ಹುಲ್ಲುಗಾವಲು ಪೂರ್ವದ ಫೆಸ್ಟುಸಿಯೋನ್ ವಲೇಸಿಯಾಕೆ ಮೈತ್ರಿಯ ಅಂಚಿನ ರೂಪವಾಗಿ ತೋರಬಹುದು.

ಇದು ಬರಿಯ ನಾಮಕರಣದ ಕಲಹವಲ್ಲ. ಯೂರೋಪಿಯನ್ ಒಕ್ಕೂಟದ 1992ರ ಆವಾಸ ನಿರ್ದೇಶನದಡಿ ಫೆಸ್ಟುಸಿಯೋನ್ ವಲೇಸಿಯಾಕೆ ಮತ್ತು ಅದರ ಸಂಬಂಧಿ ಸಮುದಾಯಗಳ ಸ್ಟೆಪ್ಪಿ ಹುಲ್ಲುಗಾವಲಿಗೆ ಆದ್ಯತೆಯ ರಕ್ಷಣೆಯಿದೆ. ತುಸು ತೇವದ ಬ್ರೋಮೆಟಾಲಿಯಾ ಗಣಕ್ಕೆ ಸೇರಿಸಿದರೆ ಆ ಆದ್ಯತೆ ಆರ್ಕಿಡ್ ಸಮೃದ್ಧವಾದ ತಾಣಗಳಿಗಷ್ಟೇ ಮಿತವಾಗುತ್ತದೆ. ಒಂದೇ ಇಳಿಜಾರಿನ ಮೇಲೆ ಪಟ್ಟಿ ಬರೆದವನ ತೀರ್ಪು ಕಾನೂನಿನ ಬಲವನ್ನೇ ಬದಲಿಸಬಲ್ಲದು! ಒಕ್ಕೂಟದ ಹೊರಗಿರುವ ವಲೇಗೆ ಇದು ನೇರವಾಗಿ ಅನ್ವಯಿಸದು. ಇಟಲಿಯ ಕಣಿವೆಗಳಿಗೆ ಅನ್ವಯಿಸುತ್ತದೆ. ವೆನೋಸ್ತಾದ ಬಿಸಿಲಿನ ಇಳಿಜಾರುಗಳಲ್ಲಿ 19ನೆಯ ಶತಮಾನದಿಂದೀಚೆಗೆ ಕಪ್ಪು ಪೈನ್ ನೆಟ್ಟದ್ದೂ, ಮೇವು ನಿಂತೆಡೆ ಪೊದೆ ಬೆಳೆದದ್ದೂ ಈ ಹುಲ್ಲುಗಾವಲನ್ನು ಕುಗ್ಗಿಸಿವೆ.

ಹಿಮಯುಗದ ಅನಂತರ ಸ್ಟೆಪ್ಪಿ ಸಸ್ಯಗಳು ಪೂರ್ವದಿಂದ ಹರಡಿ ಬಂದವೆಂಬ ಊಹೆ ದೀರ್ಘಕಾಲ ಪ್ರಚಲಿತವಾಗಿತ್ತು. ಸ್ಟೈಪಾ ಕ್ಯಾಪಿಲೇಟಾ ಸಹಿತ ಕೆಲವು ಸಸ್ಯ ಮತ್ತು ಕೀಟಗಳ ತಳಿಗುಣವನ್ನು ಪರಿಶೀಲಿಸಿದ 2020ರ ಅಧ್ಯಯನವೊಂದು, ಯೂರೋಪಿನ ಈ ದೂರದ ಸ್ಟೆಪ್ಪಿ ತುಣುಕುಗಳು ಅದಕ್ಕೂ ಬಹು ಹಿಂದಿನಿಂದಲೇ ಪ್ರತ್ಯೇಕವಾಗಿ ಉಳಿದಿವೆಯೆಂದು ತೋರಿಸಿತು. ಮೇಲುನೋಟಕ್ಕೆ ಒಂದೇ ಪ್ರಭೇದವೆನಿಸಿದರೂ ಪೂರ್ವದ ಹುಲ್ಲಿಗೂ ಕಣಿವೆಯ ಹುಲ್ಲಿಗೂ ಒಳಗಿನ ಚರಿತ್ರೆ ಬೇರೆ. ಪ್ರಭೇದಗಳ ಪಟ್ಟಿಯನ್ನೇ ಅವಲಂಬಿಸಿದ ವರ್ಗೀಕರಣ ಈ ಭೇದವನ್ನು ಕಾಣಲಾರದು.